‘ಅಷ್ಟು ಸಣ್ಣ ಚೂರಿನೊಳಗ ಏನ್ ನೋಡ್ತೀರವಾ?’

ನಾನು ಪುಣೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಪ್ರಯೋಗಾಲಯದಲ್ಲಿ ಮನುಷ್ಯರ ಜೀವಕೋಶಗಳನ್ನು ಬೆಳೆಸಿ ಕಾಪಾಡುವುದು ನನ್ನ ಕೆಲಸ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಅದನ್ನ ನೋಡಿ ನಿಮಗೇನು ಗೊತ್ತಾಗುತ್ತೆ?’ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕೇಳಿದ್ದಾರೆ, ಸೊಸೈಟಿಯ ಲಿಫ್ಟಿನಲ್ಲಿ ಕೇಳಿದ್ದಾರೆ, ಊರಿಗೆ ಹೋಗುವಾಗ ಸೊಲ್ಲಾಪುರ ದಾಟಿದ ಮೇಲೆ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳಿದ್ದಾರೆ. ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದೆ. ಕಳೆದ ಚಳಿಗಾಲದಲ್ಲಿ ಹಾಗೆ ಮುಗಿಸಲು ಆಗಲಿಲ್ಲ. ಕೇಳಿದವಳು ನನ್ನ ಮೌಶಿ, ಅಂದರೆ ಅಮ್ಮನ ಸೋದರಿ, ಅವಳ ಕೈಯಲ್ಲಿ ಸಹಿ ಮಾಡಬೇಕಾದ ಕಾಗದವಿತ್ತು.

ಮೌಶಿಗೆ ಎದೆಯಲ್ಲಿ ಗಂಟಾಗಿತ್ತು. ವಿಜಯಪುರದಿಂದ ಕರೆತಂದು ಇಲ್ಲಿಯ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಮರುದಿನ ಬೆಳಿಗ್ಗೆ ಆಪರೇಷನ್. ಸಂಜೆ ಒಬ್ಬ ಹುಡುಗಿ ಬಂದು ನಾಲ್ಕು ಪುಟದ ಫಾರಂ ಕೊಟ್ಟು ಹೋದಳು. ತೆಗೆದ ಗಡ್ಡೆಯಲ್ಲಿ ತಪಾಸಣೆಗೆ ಬೇಕಾದಷ್ಟು ಬಳಸಿ, ಉಳಿದ ಚೂರನ್ನು ಸಂಶೋಧನೆಗೆ ಕೊಡಲು ಒಪ್ಪಿಗೆ ಇದೆಯೇ ಎಂದು ಕೇಳುವ ಫಾರಂ ಅದು. ಮರಾಠಿಯಲ್ಲಿತ್ತು, ಹಿಂದಿಯಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಜನ ಚಿಕಿತ್ಸೆಗೆಂದು ಬರುತ್ತಲೇ ಇರುವ ಊರಿದು. ನನಗೆ ಸಿಟ್ಟು ಬಂತು, ಈಗಲೂ ಆರಿಲ್ಲ. ಒಪ್ಪಿಗೆ ಕೇಳುವಾಗ ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುತ್ತದೆ. ಅದನ್ನು ಅಲ್ಲಿ ಯಾರಾದರೂ ಪಾಲಿಸಬೇಕಲ್ಲ. ಕೊನೆಗೆ ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ನಾನೇ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿದೆ.

ಮೌಶಿ ಪೂರ್ತಿ ಕೇಳಿಸಿಕೊಂಡು, ‘ಅಷ್ಟು ಸಣ್ಣ ಚೂರಿನೊಳಗ ಏನ್ ನೋಡ್ತೀರವಾ? ನಂಗ ತಿಳಿಯೂಹಂಗ ಹೇಳು, ಆಮ್ಯಾಲ ನೋಡೂಣು’ ಅಂದಳು.

ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಿಗೆ ಕಾಣುವುದನ್ನು ಹೇಳುತ್ತೇನೆ. ಜೋಳದ ಕಾಳಿನಷ್ಟು ಚೂರು ಬಂದರೂ ನಮಗೆ ಅದು ದೊಡ್ಡದೇ, ಅದರಲ್ಲಿ ಲಕ್ಷಗಟ್ಟಲೆ ಜೀವಕೋಶಗಳಿರುತ್ತವೆ. ಅದನ್ನು ಸಣ್ಣಗೆ ಹೆಚ್ಚಿ, ಕೋಶಗಳನ್ನು ಅಂಟಿಸಿ ಹಿಡಿದಿರುವ ಜಾಲವನ್ನು ಕಿಣ್ವ ಹಾಕಿ ಕರಗಿಸಿ, ಬಿಡಿಯಾದ ಕೋಶಗಳನ್ನು ಚಪ್ಪಟೆ ಪ್ಲಾಸ್ಟಿಕ್ ಫ್ಲಾಸ್ಕಿನೊಳಗೆ ಬಿಡುತ್ತೇವೆ. ಅದರೊಳಗೆ ಸಕ್ಕರೆ, ಲವಣ, ಅಮೈನೋ ಆಮ್ಲಗಳಿರುವ ಗುಲಾಬಿ ಬಣ್ಣದ ದ್ರವ ಇರುತ್ತದೆ, ಅದಕ್ಕೆ ಮೀಡಿಯಂ ಅನ್ನುತ್ತೇವೆ. 37 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಟ್ಟರೆ ಮರುದಿನಕ್ಕೆ ಕೋಶಗಳು ತಳಕ್ಕೆ ಅಂಟಿಕೊಂಡು ಕೈಕಾಲು ಚಾಚಿದಂತೆ ಹರಡಿರುತ್ತವೆ. ಒಂದು ಕೋಶ ಎರಡಾಗುವ ಮುನ್ನ ಚಪ್ಪಟೆಯಾಗಿದ್ದದ್ದು ಮೇಲೆದ್ದು ಗುಂಡಗಾಗಿ ಸೂಕ್ಷ್ಮದರ್ಶಕದಲ್ಲಿ ಮುತ್ತಿನ ಹಾಗೆ ಹೊಳೆಯುತ್ತದೆ. ಸುಮಾರು ಒಂದು ಗಂಟೆ ಹಾಗಿದ್ದು ನಡುವೆ ಸೊಂಟ ಸಣ್ಣಗಾಗಿ ಎರಡಾಗುತ್ತದೆ. ಇಪ್ಪತ್ತೊಂದು ವರ್ಷದಿಂದ ನೋಡುತ್ತಿದ್ದೇನೆ, ಬೆಳಿಗ್ಗೆ ಬಂದ ಕೂಡಲೇ ಮೊದಲು ಕಣ್ಣು ಹುಡುಕುವುದು ಆ ಹೊಳಪನ್ನೇ. ಕೋಶಗಳು ತಿಂದು ಬಿಟ್ಟ ಆಮ್ಲದಿಂದ ಗುಲಾಬಿ ದ್ರವ ಮೆಲ್ಲಗೆ ಕಿತ್ತಳೆಗೆ, ಆಮೇಲೆ ಹಳದಿಗೆ ತಿರುಗುತ್ತದೆ. ಹಳದಿಯಾಯಿತೆಂದರೆ ಊಟ ಬದಲಿಸಬೇಕು ಎಂದರ್ಥ. ಭಾನುವಾರವಾದರೂ ಅಷ್ಟೇ, ದೀಪಾವಳಿಯಾದರೂ ಅಷ್ಟೇ.

ಇಷ್ಟು ಹೇಳಿದ್ದಕ್ಕೆ ಮೌಶಿ, ‘ಅವಕ್ಕ ನೀರ್ ನೀಡಿ ಸಾಕಿ ಆತು. ಮುಂದ?’ ಅಂದಳು.

ಮುಂದಿನದು ಅವಳ ಫೈಲಿನಲ್ಲೇ ಇತ್ತು. ಬಯಾಪ್ಸಿ ವರದಿ ತೆಗೆದು ‘ಇ.ಆರ್. ಪಾಸಿಟಿವ್’ ಎಂಬ ಸಾಲನ್ನು ತೋರಿಸಿದೆ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿಯುವ ಗ್ರಾಹಕ ಅವಳ ಗಡ್ಡೆಯ ಕೋಶಗಳಲ್ಲಿದೆ ಎಂದು ಅದರರ್ಥ. ಹಾರ್ಮೋನು ಕೋಶದೊಳಗೆ ಬಂದು ಈ ಗ್ರಾಹಕದಲ್ಲಿ ಕೂತರೆ, ಎರಡೂ ಸೇರಿ ವಂಶವಾಹಿಯ ಮೇಲೆ ಕೂತು ‘ಒಡೆ, ಎರಡಾಗು’ ಎಂಬ ಅಪ್ಪಣೆಯನ್ನು ಚಾಲೂ ಮಾಡುತ್ತವೆ. ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ಹಾರ್ಮೋನಿಗಿಂತ ಮೊದಲೇ ಹೋಗಿ ಆ ಜಾಗ ಹಿಡಿದು ಕೂರುತ್ತದೆ. ಆಪರೇಷನ್ ಆದಮೇಲೆ ಐದು ವರ್ಷ ಹಾರ್ಮೋನನ್ನು ತಡೆಯುವ ಮಾತ್ರೆ ನುಂಗಬೇಕಾಗುತ್ತದೆ ಎಂದು ಡಾಕ್ಟರು ಮೌಶಿಗೆ ಹೇಳಿದ್ದು ಈ ಒಂದು ಸಾಲಿನ ಆಧಾರದ ಮೇಲೆ.

ಇದೆಲ್ಲ ತಿಳಿದದ್ದರಲ್ಲಿ ಎಂ.ಸಿ.ಎಫ್-7 ಎಂಬ ಕೋಶಗಳ ಪಾಲು ಬಹಳ ದೊಡ್ಡದು. 1970ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ 69 ವರ್ಷದ ಒಬ್ಬ ಕ್ರೈಸ್ತ ಸನ್ಯಾಸಿನಿಗೆ ಸ್ತನ ಕ್ಯಾನ್ಸರ್ ಹರಡಿ ಎದೆಗೂಡಿನಲ್ಲಿ ನೀರು ತುಂಬಿತ್ತು. ಆ ನೀರಿನಿಂದ ಬೆಳೆಸಿದ ಕೋಶಗಳು ಇವು. ಅವರ ಹೆಸರು ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್. ಅದೇ ವರ್ಷ ಅವರು ತೀರಿಕೊಂಡರು. ಕೋಶಗಳು ಮಾತ್ರ ಬೆಳೆಯುತ್ತಲೇ ಉಳಿದವು. ಇವತ್ತಿಗೂ ಜಗತ್ತಿನ ಊರೂರಿನ ಪ್ರಯೋಗಾಲಯಗಳಲ್ಲಿ ಇವೆ. ನಮ್ಮಲ್ಲೂ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ, ಕಿರುಬೆರಳಿನಷ್ಟು ಸೀಸೆಗಳಲ್ಲಿ ಮಲಗಿವೆ. ಈಸ್ಟ್ರೊಜೆನ್ ಕೊಟ್ಟರೆ ಇವು ಚುರುಕಾಗಿ ಬೆಳೆಯುತ್ತವೆ, ಟ್ಯಾಮಾಕ್ಸಿಫೆನ್ ಕೊಟ್ಟರೆ ತಗ್ಗುತ್ತವೆ. ಮಾತ್ರೆ ಯಾರಲ್ಲಿ ಕೆಲಸ ಮಾಡುತ್ತದೆ, ಯಾಕೆ ಮಾಡುತ್ತದೆ, ಕೆಲವರಲ್ಲಿ ಕಾಲಕ್ರಮೇಣ ಯಾಕೆ ನಿಲ್ಲುತ್ತದೆ ಎಂಬುದನ್ನೆಲ್ಲ ವಿಜ್ಞಾನಿಗಳು ಈ ಕೋಶಗಳನ್ನು ಮುಂದಿಟ್ಟುಕೊಂಡು ಬಿಡಿಸಿದ್ದಾರೆ.

ಆದರೆ ಇಲ್ಲೊಂದು ತಿರುವು ಇದೆ, ಅದನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಎಷ್ಟೋ ವರ್ಷ ಈ ಕೋಶಗಳು ಈಸ್ಟ್ರೊಜೆನ್ ಕೊಡದಿದ್ದರೂ ಬೆಳೆಯುತ್ತಿದ್ದವು, ಹಾಗಾಗಿ ಹಾರ್ಮೋನಿನ ಪರಿಣಾಮ ಸರಿಯಾಗಿ ಕಾಣುತ್ತಿರಲಿಲ್ಲ. ಕಾರಣ ಸಿಕ್ಕದ್ದು 1986ರಲ್ಲಿ. ಮೇಲೆ ಹೇಳಿದೆನಲ್ಲ, ಆ ಗುಲಾಬಿ ಬಣ್ಣ. ಫೀನಾಲ್ ರೆಡ್ ಎಂಬ ಆ ಬಣ್ಣವನ್ನು ಹಾಕುವುದು ಆಮ್ಲ ಗುರುತಿಸಲು ಮಾತ್ರ. ಆದರೆ ಬಣ್ಣದ ಜೊತೆ ಬರುವ ಕಲ್ಮಶ ತಾನೇ ಹಾರ್ಮೋನಿನಂತೆ ವರ್ತಿಸಿ ಕೋಶಗಳನ್ನು ಬೆಳೆಸುತ್ತಿತ್ತು! ಅಂದಿನಿಂದ ಹಾರ್ಮೋನಿನ ಪ್ರಯೋಗಕ್ಕೆ ಬಣ್ಣವಿಲ್ಲದ ಮೀಡಿಯಂ ಬಳಸುತ್ತಾರೆ. ಕೋಶ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಏನು ಉಣಿಸುತ್ತಿದ್ದೇವೆ ಎಂಬುದೇ ನಮಗೆ ತಿಳಿದಿರಲಿಲ್ಲ.

‘ಇಲಿ ಮೇಲೆ ಪ್ರಯೋಗ ಮಾಡಿದರೆ ಸಾಲದೇ?’ ಎಂದು ಬಹಳ ಜನ ಕೇಳುತ್ತಾರೆ. ಇಲಿ ಬೇಕು, ಆದರೆ ಇಲಿ ಇಲಿಯೇ. 1950ರ ದಶಕದ ಕೊನೆಗೆ ಯುರೋಪಿನಲ್ಲಿ ಬಸುರಿಯರ ವಾಕರಿಕೆಗೆ ಕೊಟ್ಟ ಥ್ಯಾಲಿಡೊಮೈಡ್ ಮಾತ್ರೆಯಿಂದ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದವು. ಅದೇ ಮಾತ್ರೆ ಇಲಿಮರಿಗಳಿಗೆ ಆ ಊನ ತರುವುದಿಲ್ಲ. ಯಾಕೆ ಎಂಬುದಕ್ಕೆ ಮುಖ್ಯ ಸುಳಿವು 2018ರಲ್ಲಿ ಮನುಷ್ಯರ ಭ್ರೂಣದ ಆಕರ ಕೋಶಗಳಲ್ಲಿ, ಅಂದರೆ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳಲ್ಲಿ, ಸಿಕ್ಕಿತು. ಕೈಕಾಲು ಮೂಡಲು ಬೇಕಾದ ಒಂದು ಪ್ರೋಟೀನನ್ನು ಈ ಔಷಧಿ ಮನುಷ್ಯರ ಕೋಶದಲ್ಲಿ ನಾಶಮಾಡಿಸುತ್ತದೆ. ಇಲಿಯಲ್ಲಿ ಅದೇ ಪ್ರೋಟೀನು ತುಸು ಬೇರೆ ಆಕಾರದಲ್ಲಿರುವುದರಿಂದ ಪಾರಾಗುತ್ತದೆ.

ಮನುಷ್ಯರ ಕೋಶವೇ ಆಗಬೇಕು, ಅದರಲ್ಲೂ ಸರಿಯಾದ ಕೋಶವೇ ಆಗಬೇಕು ಎಂಬುದಕ್ಕೆ ನಾವೆಲ್ಲ ಬದುಕಿ ದಾಟಿದ ಉದಾಹರಣೆ ಕೊರೊನಾದ ಹೈಡ್ರಾಕ್ಸಿಕ್ಲೋರೊಕ್ವಿನ್. 2020ರ ಮಾರ್ಚ್, ಏಪ್ರಿಲ್‌ನಲ್ಲಿ ಆ ಮಾತ್ರೆಗಾಗಿ ನಮ್ಮ ಸೊಸೈಟಿಯವರು ಔಷಧಿ ಅಂಗಡಿ ಅಲೆದದ್ದು ನೆನಪಿದೆ. ಆ ನಂಬಿಕೆಗೆ ಬುಡವಿರಲಿಲ್ಲ ಎನ್ನುವಂತಿಲ್ಲ. ವೆರೋ ಎಂಬ ಕೋಶಗಳಲ್ಲಿ ಈ ಔಷಧಿ ವೈರಸ್ಸನ್ನು ಚೆನ್ನಾಗಿಯೇ ತಡೆದಿತ್ತು. ವೆರೋ ಅಂದರೆ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದ ಕೋಶ. ವೈರಸ್ ಬೆಳೆಸಲು ಅದಕ್ಕಿಂತ ಒಳ್ಳೆಯ ಹೊಲ ಸಿಗುವುದು ಕಷ್ಟ. ಇಲ್ಲೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ 2020ರ ಮಾರ್ಚ್‌ನಲ್ಲಿ ಕೊರೊನಾ ವೈರಸ್ಸನ್ನು ಬೇರ್ಪಡಿಸಿದ್ದೂ ವೆರೋ ಕೋಶಗಳಲ್ಲೇ. ಆದರೆ ಕೋತಿಯ ಮೂತ್ರಪಿಂಡದ ಕೋಶಕ್ಕೂ ಮನುಷ್ಯರ ಶ್ವಾಸಕೋಶದ ಕೋಶಕ್ಕೂ ಬಾಗಿಲು ಬೇರೆ. ವೆರೋದಲ್ಲಿ ವೈರಸ್ಸು ಒಂದು ಸಣ್ಣ ಚೀಲದೊಳಗೆ ಸಿಕ್ಕಿಕೊಂಡು ಒಳಬರುತ್ತದೆ, ಆ ಚೀಲ ಹುಳಿಯಾದರೆ ಮಾತ್ರ ಅದಕ್ಕೆ ಬಿಡುಗಡೆ. ಈ ಔಷಧಿ ಮಾಡುವ ಕೆಲಸವೇ ಆ ಹುಳಿಯನ್ನು ಮುರಿಯುವುದು. ನಮ್ಮ ಶ್ವಾಸಕೋಶದ ಕೋಶದ ಹೊರಮೈಯಲ್ಲಿ ಒಂದು ಕಿಣ್ವ ಇದೆ. ಅದು ವೈರಸ್ಸಿನ ಮುಳ್ಳನ್ನು ಹೊರಗೇ ಕತ್ತರಿಸಿ ನೇರ ದಾರಿ ಮಾಡಿಕೊಡುತ್ತದೆ. ಚೀಲದ ಗೊಡವೆ ಇಲ್ಲ, ಹುಳಿಯ ಗೊಡವೆಯೂ ಇಲ್ಲ, ಹಾಗಾಗಿ ಔಷಧಿಗೆ ಕೆಲಸವೂ ಇಲ್ಲ. ಜರ್ಮನಿಯ ವಿಜ್ಞಾನಿಗಳು ಮನುಷ್ಯರ ಶ್ವಾಸಕೋಶದಿಂದ ಬಂದ ಕ್ಯಾಲು-3 ಕೋಶಗಳಲ್ಲಿ ಇದನ್ನು ತೋರಿಸಿ 2020ರ ಜುಲೈನಲ್ಲಿ ಪ್ರಕಟಿಸಿದರು. ಅದಕ್ಕೆ ಸ್ವಲ್ಪ ಮೊದಲು, ಜೂನ್‌ನಲ್ಲಿ, ಬ್ರಿಟನ್ನಿನಲ್ಲಿ ಸುಮಾರು 4,700 ರೋಗಿಗಳ ಮೇಲೆ ನಡೆದ ಪರೀಕ್ಷೆಯೂ ಮಾತ್ರೆಯಿಂದ ಪ್ರಯೋಜನವಿಲ್ಲ ಎಂದಿತ್ತು. ಕೋತಿಯ ಮೂತ್ರಪಿಂಡಕ್ಕೆ ಕೇಳಿದ ಪ್ರಶ್ನೆಯನ್ನು ಮೊದಲೇ ಶ್ವಾಸಕೋಶಕ್ಕೆ ಕೇಳಿದ್ದರೆ ಎಷ್ಟು ಜನರ ಎಷ್ಟು ದಿನ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸರಿಯಾದ ಕೋಶ ಸಿಕ್ಕರೂ ಫ್ಲಾಸ್ಕು ದೇಹವಾಗುವುದಿಲ್ಲ. ಅದರೊಳಗೆ ರಕ್ತ ಹರಿಯುವುದಿಲ್ಲ, ಪಿತ್ತಕೋಶವಿಲ್ಲ, ಲಿವರ್ ಇಲ್ಲ. ಟ್ಯಾಮಾಕ್ಸಿಫೆನ್ನನ್ನೇ ನೋಡಿ: ನುಂಗಿದ ಮಾತ್ರೆಯನ್ನು ಲಿವರ್ ಬದಲಾಯಿಸಿ ಎಂಡಾಕ್ಸಿಫೆನ್ ಮಾಡುತ್ತದೆ, ಹೆಚ್ಚು ಬಲವಾಗಿ ಗ್ರಾಹಕವನ್ನು ಹಿಡಿಯುವುದು ಅದು. ಫ್ಲಾಸ್ಕಿಗೆ ಹಾಕಿದ ಟ್ಯಾಮಾಕ್ಸಿಫೆನ್ ಟ್ಯಾಮಾಕ್ಸಿಫೆನ್ನಾಗಿಯೇ ಉಳಿಯುತ್ತದೆ.

ನಮ್ಮ ಕೈತಪ್ಪುಗಳೂ ಇವೆ. ನಾನು ಮೊದಲು ಕೆಲಸ ಮಾಡಿದ ಪ್ರಯೋಗಾಲಯದಲ್ಲಿ ಐದು ತಿಂಗಳ ಕೆಲಸ ನಾಲೆಗೆ ಹೋಯಿತು. ಕೋಶಗಳು ಬೆಳೆಯುತ್ತಿದ್ದವು, ಮೀಡಿಯಂ ತಿಳಿಯಾಗಿತ್ತು, ಆದರೆ ಫಲಿತಾಂಶ ಒಂದು ವಾರ ಇದ್ದಂತೆ ಇನ್ನೊಂದು ವಾರ ಇರುತ್ತಿರಲಿಲ್ಲ. ಕೊನೆಗೆ ಡಿ.ಎನ್.ಎ.ಗೆ ಅಂಟುವ ಬಣ್ಣ ಹಾಕಿ ನೋಡಿದಾಗ, ಕೋಶಕೇಂದ್ರದ ದೊಡ್ಡ ನೀಲಿ ಗುಂಡಿನ ಸುತ್ತ ರವೆ ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕಿಗಳು. ಮೈಕೊಪ್ಲಾಸ್ಮಾ. ಈ ಬ್ಯಾಕ್ಟೀರಿಯಾಕ್ಕೆ ಕೋಶಗೋಡೆಯೇ ಇಲ್ಲ, ಹಾಗಾಗಿ ಗೋಡೆ ಕಟ್ಟುವುದನ್ನು ತಡೆಯುವ ಪೆನಿಸಿಲಿನ್ ಅದಕ್ಕೆ ತಾಗುವುದೂ ಇಲ್ಲ. ಮಾಮೂಲು ಸೂಕ್ಷ್ಮದರ್ಶಕದಲ್ಲಿ ಕಾಣುವುದೂ ಇಲ್ಲ. ಎಲ್ಲ ಫ್ಲಾಸ್ಕುಗಳನ್ನೂ ನಾನೇ ಬ್ಲೀಚಿಗೆ ಸುರಿದೆ. ಆ ಕೋಶಗಳು ಯಾರೋ ರೋಗಿ ಕೊಟ್ಟವು ಎಂಬುದು ಸುರಿಯುವಾಗ ತಲೆಯಿಂದ ಹೋಗಲೇ ಇಲ್ಲ.

ಕೊಟ್ಟವರ ಮಾತು ಬಂದರೆ ಹೆನ್ರಿಯೆಟ್ಟಾ ಲ್ಯಾಕ್ಸ್ ಹೆಸರು ಹೇಳದೆ ಮುಂದೆ ಹೋಗಲಾರೆ. 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ ಕಪ್ಪು ಜನಾಂಗದ ಐದು ಮಕ್ಕಳ ತಾಯಿ. ಅವರನ್ನು ಕೇಳದೆ ತೆಗೆದ ಚೂರಿನಿಂದ ಹೀಲಾ ಕೋಶಗಳು ಬಂದವು, ಪ್ರಯೋಗಾಲಯದಲ್ಲಿ ಕೊನೆಯಿಲ್ಲದೆ ಬೆಳೆದ ಮೊದಲ ಮಾನವ ಕೋಶಗಳು. ಅದೇ ವರ್ಷದ ಅಕ್ಟೋಬರಿನಲ್ಲಿ, 31ನೇ ವಯಸ್ಸಿಗೆ, ಅವರು ಸತ್ತರು. ಮನೆಯವರಿಗೆ ವಿಷಯ ತಿಳಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಪೋಲಿಯೋ ಲಸಿಕೆಯ ಪರೀಕ್ಷೆಗೆ ನೆರವಾದ ಕೋಶಗಳು ಅವು. 1980ರ ದಶಕದಲ್ಲಿ ಆ ಕೋಶಗಳೊಳಗೇ, ಗರ್ಭಕೊರಳಿನ ಕ್ಯಾನ್ಸರ್ ತರುವ ಪ್ಯಾಪಿಲೋಮಾ ವೈರಸ್ಸಿನ 18ನೇ ಬಗೆಯ ಡಿ.ಎನ್.ಎ. ಸಿಕ್ಕಿತು. ಈಗ ಪುಣೆಯಲ್ಲೇ ತಯಾರಾಗುವ ಸರ್ವಾವ್ಯಾಕ್ ಲಸಿಕೆ ತಡೆಯುವ ನಾಲ್ಕು ಬಗೆಗಳಲ್ಲಿ ಅದೂ ಒಂದು. ನನ್ನ ಮಗಳಿಗೆ ಹಾಕಿಸಿದ್ದೇನೆ. ಉಪಕಾರ ಎಷ್ಟು ದೊಡ್ಡದೋ, ಕೇಳದೆ ತೆಗೆದುಕೊಂಡ ತಪ್ಪೂ ಅಷ್ಟೇ ದೊಡ್ಡದು. ಒಂದರಿಂದ ಇನ್ನೊಂದು ಕಳೆದು ಹೋಗುವುದಿಲ್ಲ.

ಕೋಶವೇ ಔಷಧಿಯಾಗುವ ಕಾಲವೂ ಬಂದಿದೆ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಮೆಮೋರಿಯಲ್ ಕೇಂದ್ರದವರು ಸೇರಿ ರೂಪಿಸಿದ ನೆಕ್ಸ್‌ಕಾರ್-19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಇರುವವರ ಸ್ವಂತ ಟಿ-ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳನ್ನು) ತೆಗೆದು, ಕ್ಯಾನ್ಸರ್ ಕೋಶದ ಗುರುತು ಹಿಡಿಯುವ ಹೊಸ ವಂಶವಾಹಿ ಸೇರಿಸಿ, ಬೆಳೆಸಿ, ಅವರಿಗೇ ವಾಪಸು ಹಾಕುವುದು. ನಾವು ದಿನಾ ಮಾಡುವ ಅದೇ ಗುಲಾಬಿ ದ್ರವದ ಚಾಕರಿಯ ಮುಂದಿನ ಮೆಟ್ಟಿಲು ಅದು.

ಮೌಶಿಗೆ ಒಂದು ಮಾತನ್ನು ಮುಚ್ಚಿಡದೆ ಹೇಳಿದೆ. ಈ ಚೂರು ಕೊಟ್ಟರೆ ನಿನಗೆ ಲಾಭ ಆಗುವುದು ಅನುಮಾನ. ನಿನ್ನ ಚಿಕಿತ್ಸೆಗೆ ಬೇಕಾದ ತಪಾಸಣೆ ಹೇಗೂ ಆಗುತ್ತದೆ, ಇದು ಬೇರೆ. ಕೊಡದಿದ್ದರೆ ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆ ಮಾಡುವಂತಿಲ್ಲ. ಕೊಟ್ಟಮೇಲೂ ಬೇಡ ಅನ್ನಬಹುದು. ನಿನ್ನ ಚೂರು ಬೆಳೆಯದೆ ಸಾಯಲೂಬಹುದು, ಬಹಳಷ್ಟು ಹಾಗೇ ಆಗುತ್ತದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಸೀಸೆ ಮ್ಯಾಲ ನನ್ನ ಹೆಸರ ಬರೀತಾರೇನು?’

‘ಇಲ್ಲ ಮೌಶಿ, ನಂಬರ್ ಇರ್ತದ. ಯಾರದಂತ ಯಾರಿಗೂ ಗೊತ್ತಾಗಬಾರದು ಅಂತ.’

‘ಆ ಸನ್ಯಾಸಿನಿ ಹೆಸರ ಐತಲ್ಲ?’

ಅದಕ್ಕೆ ನನ್ನಲ್ಲಿ ಉತ್ತರವಿತ್ತು, ಗೌಪ್ಯತೆ, ಮಾರ್ಗಸೂಚಿ, ಎಲ್ಲ ಹೇಳಿದೆ. ಅವಳು ತಲೆಯಾಡಿಸಿದಳು, ಒಪ್ಪಿದಂತೆ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಮರಾಠಿ ಫಾರಂನ ಕೊನೆಯ ಪುಟದಲ್ಲಿ, ಗೆರೆಯ ಆಚೆ ಹೋಗುವಷ್ಟು ದೊಡ್ಡ ಅಕ್ಷರದಲ್ಲಿ, ತನ್ನ ಹೆಸರು, ಗಂಡನ ಹೆಸರು, ಅಡ್ಡಹೆಸರು, ಕೆಳಗೆ ಊರಿನ ಹೆಸರನ್ನೂ ಕನ್ನಡದಲ್ಲಿ ಬರೆದಳು.