ತಿನ್ನಿಸಿಕೊಳ್ಳುವ ಜೀವಿಗಳಿಗೊಂದು ಮನೆ

ಉಪ್ಪುನೀರಿನ ಟ್ಯಾಂಕ್ ಇಟ್ಟವರು ಮೊದಮೊದಲು ಮೀನು ನೋಡುತ್ತಾರೆ. ಆಮೇಲೆ ಹವಳ. ಕೆಲವು ವರ್ಷ ಕಳೆದ ಮೇಲೆ ಕಲ್ಲಿನ ಸಂದಿಯಲ್ಲಿ ಓಡಾಡುವ ಸಣ್ಣಪುಟ್ಟ ಹುಳಗಳ ಮೇಲೆ ಕಣ್ಣು ಹೋಗುತ್ತದೆ. ನಾನು ಈಗ ಅಲ್ಲಿಗೆ ಬಂದು ನಿಂತಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಪೂರ್ತಿ ಕೂತು ರೆಫ್ಯೂಜಿಯಂ, ಅಂದರೆ ಅಡಗುದಾಣ, ಮಾಡಿದ್ದು ಆ ಹುಳಗಳಿಗಾಗಿಯೇ.

ಬೆಂಗಳೂರಿನ ನಮ್ಮ ಮನೆ ಹಾಲ್‌ನಲ್ಲಿರುವುದು ನಾಲ್ಕಡಿ ಟ್ಯಾಂಕ್, ಸುಮಾರು 250 ಲೀಟರ್. ಎರಡು ಕ್ಲೌನ್ ಮೀನು, ಜೊವಾಂತಿಡ್, ಮಶ್ರೂಮ್ ಕೋರಲ್ ಅನ್ನುವ ಒಂದಿಷ್ಟು ಮೆತ್ತನೆ ಹವಳ, ಮತ್ತೆ ಒಂದು ಸಿಕ್ಸ್‌ಲೈನ್ ರಾಸ್. ಈ ರಾಸ್ ಬೆರಳುದ್ದದ ಮೀನು. ಲೈಟ್ ಹತ್ತಿದ್ದೇ ತಡ, ಕಲ್ಲಿಗೆ ಮೂತಿ ಹಚ್ಚಿ ಬೇಟೆ ಶುರು. ಒಂದು ಸಂದಿ ಬಿಡುವುದಿಲ್ಲ. ಅದು ಹುಡುಕುವುದು ಕೋಪೆಪಾಡ್, ಆಂಫಿಪಾಡ್‌ಗಳನ್ನು. ಸೀಗಡಿ, ಏಡಿಗಳ ದೂರದ ನೆಂಟರು ಇವು.

ಹೊರದೇಶಗಳಲ್ಲಿ ಸಮುದ್ರದಿಂದ ತೆಗೆದ ಜೀವಂತ ಕಲ್ಲು, ಅಂದರೆ ಸಣ್ಣ ಜೀವಿಗಳು ನೆಲೆಸಿದ ಸತ್ತ ಹವಳದ ತುಂಡು, ತಂದು ಇಟ್ಟರೆ ಇವೆಲ್ಲ ಅದರ ಜೊತೆಗೇ ಬಂದುಬಿಡುತ್ತವೆ. ನಮ್ಮಲ್ಲಿ ಹಾಗಿಲ್ಲ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಅದು ಇರಲೇಬೇಕು ಅಂತ ನಾನು ನಂಬುತ್ತೇನೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ನೀರಿನಡಿ ಒಮ್ಮೆ ಮುಳುಗಿ ನೋಡಿದವರು ಯಾರೂ ಅಲ್ಲಿಂದ ಕಲ್ಲು ಕಿತ್ತು ತರುವ ಮಾತಾಡುವುದಿಲ್ಲ. ಹಾಗಾಗಿ ನಮ್ಮ ಟ್ಯಾಂಕಿನಲ್ಲಿರುವುದು ಸುಟ್ಟ ಮಣ್ಣಿನ ಕಲ್ಲು. ಅದರಲ್ಲಿ ಜೀವ ತಾನಾಗಿ ಹುಟ್ಟುವುದಿಲ್ಲ, ನಾವೇ ತಂದು ಬಿಡಬೇಕು. ಬಿಟ್ಟರೆ ರಾಸ್ ತಿಂದು ಮುಗಿಸುತ್ತದೆ. ಮೀನಿನ ಬಾಯಿಗೆ ಸಿಗದ ಒಂದು ಜಾಗ ಬೇಕೇ ಬೇಕು.

ರೆಫ್ಯೂಜಿಯಂ ಅಂದರೆ ಅಂಥ ಜಾಗ. ನೀರು ಒಂದೇ, ಗೂಡು ಬೇರೆ. ಅಲ್ಲಿ ದೊಡ್ಡ ಜಾತಿಯ ಪಾಚಿ ಬೆಳೆಸಿ ರಾತ್ರಿ ಬೆಳಕು ಕೊಡುತ್ತೇವೆ. ಮೀನಿನ ಹೇಲು, ಉಳಿದ ಊಟ ಕೊಳೆತು ಆದ ನೈಟ್ರೇಟ್, ಫಾಸ್ಫೇಟನ್ನು ಪಾಚಿ ಹೀರಿ ಬೆಳೆಯುತ್ತದೆ. ಅದರ ಸಿಕ್ಕಿನೊಳಗೆ ಹುಳಗಳು ಮರಿ ಮಾಡುತ್ತವೆ. ಪಾಚಿಯಿಂದ ಟ್ಯಾಂಕಿನ ನೀರು ಶುದ್ಧ ಮಾಡುವುದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದವರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಮುಖ್ಯರು. 1980ರ ಸುಮಾರಿಗೆ ಅವರು ಅಲ್ಲಿನ ಮ್ಯೂಸಿಯಂನಲ್ಲಿ ಹವಳದ ದಿಬ್ಬವನ್ನೇ ಹಾಗೆ ಸಾಕಿದ್ದರು.

ಅಮ್ಮ ಆವಾಗ ಕುಮಟಾದಿಂದ ಬಂದಿದ್ದರು. ಪಾಚಿಗೆ ಅಂತ ಲೈಟ್ ತಂದಿದ್ದು ನೋಡಿ, "ಪಾಚಿ ತೊಳ್ಯೂಕೆ ಎಲ್ಲರೂ ಒದ್ದಾಡ್ತ್ರು, ನೀನು ದುಡ್ಡು ಕೊಟ್ಟು ಬೆಳೆಸ್ತ್ಯಲ?" ಅಂದರು. ಹೀಗ್ಹೀಗೆ, ಮರಿಗಳಿಗೆ ಅಡಗೋ ಜಾಗ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓ, ನಮ್ಮ ಕಾಂಡ್ಲಾ ಇದ್ದಾಂಗೆ" ಅಂದರು. ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ ಸೀಗಡಿ ಮರಿ, ಮೀನು ಮರಿ ಬೆಳೆಯುತ್ತವೆ. ದೊಡ್ಡ ಮೀನಿಗೆ ಅಲ್ಲಿ ನುಗ್ಗಲು ಆಗುವುದಿಲ್ಲ. ಅಮ್ಮ ಅದನ್ನು ಹುಟ್ಟಿದಾಗಿನಿಂದ ಕಂಡವರು. ಆಮೇಲೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಕೆಳಗಿನ ಕಪಾಟಿನಲ್ಲಿ ಮೂರಡಿಯ ಗಾಜಿನ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಬರುವ ತೊಟ್ಟಿ, ಮೊದಲೇ ಇತ್ತು. ಅದಕ್ಕೆ ಅಡ್ಡಗಾಜು ಅಂಟಿಸಿ ಮೂರು ಭಾಗ ಮಾಡಿಸಿದೆ. ಮೇಲಿಂದ ಇಳಿದ ನೀರು ಮೊದಲು ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇರುವ ಕಡೆ ಬೀಳುತ್ತದೆ, ನಡುವಿನ ಸುಮಾರು 30 ಲೀಟರ್ ಜಾಗ ರೆಫ್ಯೂಜಿಯಂ, ಕೊನೆಯಲ್ಲಿ ನೀರನ್ನು ವಾಪಸ್ ಏರಿಸುವ ಪಂಪ್. ಸಿಲಿಕೋನ್ ಅಂಟಿನ ಹುಳಿ ವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಲಿಲ್ಲ.

ಆ ಭಾನುವಾರದ ದೊಡ್ಡ ಕೆಲಸ ಕರೆಂಟ್ ಪರೀಕ್ಷೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ. ಆದರೆ ಪೈಪಿನಲ್ಲಿರುವ ನೀರು, ಟ್ಯಾಂಕಿನ ಮೇಲ್ಪದರದ ನೀರು ಕೆಳಗೆ ಇಳಿಯುತ್ತಲೇ ಇರುತ್ತದೆ. ಅಷ್ಟಕ್ಕೂ ಸಂಪಿನಲ್ಲಿ ಜಾಗ ಇರಬೇಕು. ಇಲ್ಲ ಅಂದರೆ ನೀರೆಲ್ಲ ಹಾಲ್‌ಗೆ. ಅಕ್ಕನ ಮಗ ಸ್ವಿಚ್ ಹತ್ತಿರ ನಿಂತ. ನಾನು ನೆಲಕ್ಕೆ ಮಲಗಿ ಟಾರ್ಚ್ ಹಿಡಿದೆ. "ಮಾವಾ, ಆಫ್ ಮಾಡ್ಲಾ?" ಅಂತ ಕೇಳಿ ಆಫ್ ಮಾಡಿದ. ನೀರು ಮೊದಲು ಸರಸರ ಏರಿತು. ಆಮೇಲೆ ಗಾಜಿನ ಮೇಲೆ ತೆವಳುತ್ತಾ ಏರಿತು. ಮೇಲಿನ ಟ್ಯಾಂಕಿನಲ್ಲಿ ವಾಪಸ್ ಪೈಪಿನ ಬಾಯಿ ನೀರಿನ ಹೊರಗೆ ಬಂದು ಗೊರ್ ಅಂತ ಗಾಳಿ ಎಳೆದುಕೊಂಡ ಮೇಲೆಯೇ ನಿಂತಿದ್ದು. ಅಂಚಿಗೆ ಇನ್ನೂ ನಾಲ್ಕು ಬೆರಳು ಜಾಗ ಉಳಿದಿತ್ತು. ಪಂಪ್ ಮತ್ತೆ ಹಾಕಿ, ಎಲ್ಲ ಸರಿಹೋದಾಗ ನೀರು ಎಲ್ಲಿ ನಿಲ್ಲುತ್ತದೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಚಾಲೂ ಇರುವಾಗ ನೀರು ಆ ಗೆರೆ ದಾಟಬಾರದು. ಟ್ಯಾಂಕ್ ಕಟ್ಟುವವರಿಗೆ ನಾನು ಹೇಳುವ ಮೊದಲ ಮಾತು ಇದು. ಲೈಟು, ಪಾಚಿ ಎಲ್ಲ ಆಮೇಲೆ.

ಪಾಚಿ ಅಂದರೆ ಕೀಟೊಮಾರ್ಫಾ. ನಾವೆಲ್ಲ ಕೀಟೊ ಅನ್ನುತ್ತೇವೆ. ಸಿಕ್ಕುಬಿದ್ದ ಹಸಿರು ನೈಲಾನ್ ಬಲೆಯ ದಾರದ ಹಾಗೆ ಇರುತ್ತದೆ. ಕಾಲರ್ಪಾ ನೋಡೋಕೆ ಇದಕ್ಕಿಂತ ಚಂದ. ಆದರೆ ಅದು ಕೆಲವೊಮ್ಮೆ ರಾತ್ರೋರಾತ್ರಿ ಲಿಂಗಾಣುಗಳನ್ನು ಬಿಟ್ಟು ನೀರೆಲ್ಲ ಹಾಲಿನ ಬಣ್ಣ ಮಾಡಿ ತಾನು ಬಿಳಚಿ ಸಾಯುತ್ತದೆ. ಹೀರಿದ್ದೆಲ್ಲ ವಾಪಸ್ ನೀರಿಗೆ. ಅದಕ್ಕೇ ಬೇಡ ಅಂದುಕೊಂಡೆ. ಜಯನಗರದ ಗೆಳೆಯರೊಬ್ಬರು ತಮ್ಮ ಟ್ಯಾಂಕಿನಿಂದ ಎರಡು ಹಿಡಿ ಕೀಟೊ ಕೊಟ್ಟಿದ್ದರು. ಒಂದು ಎಳೆಯನ್ನು ಬಿಳಿ ತಟ್ಟೆಯ ಉಪ್ಪುನೀರಿನಲ್ಲಿ ಅಲ್ಲಾಡಿಸಿದೆ. ಅಬ್ಬಾ! ಬೆನ್ನು ಬಾಗಿದ ಕಂದು ಆಂಫಿಪಾಡ್‌ಗಳು ಅಡ್ಡಬಿದ್ದು ಓಡಿದವು. ಅವುಗಳ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಕೋಪೆಪಾಡ್‌ಗಳು ತಡೆದು ತಡೆದು ಜಿಗಿಯುತ್ತಿದ್ದವು. ಭೂತಗನ್ನಡಿ ಹಿಡಿದರೆ ಒಂದರ ಬಾಲದ ಬುಡದಲ್ಲಿ ಮೊಟ್ಟೆಯ ಚೀಲ. ಅಕ್ಕನ ಮಗನಿಗೆ ಅದನ್ನು ಬಿಟ್ಟು ಏಳಲು ಮನಸ್ಸೇ ಇಲ್ಲ.

ಲೈಟಿನ ಟೈಮರ್ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ. ಮೇಲಿನ ಲೈಟ್ ಆರಿದಾಗ ಎಲ್ಲ ಜೀವಿಗಳೂ ಉಸಿರಾಡಿ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ, ಪಿಎಚ್ ಇಳಿಯುತ್ತದೆ. ಕೆಳಗೆ ಪಾಚಿಗೆ ಆಗ ಹಗಲು, ಅದು ಅದನ್ನು ಹೀರಿಕೊಳ್ಳುತ್ತದೆ. ಬೆಳಗಿನ ಜಾವ 7.8ಕ್ಕೆ ಬೀಳುತ್ತಿದ್ದ ಪಿಎಚ್ ಈಗ 8ರ ಆಸುಪಾಸು ನಿಲ್ಲುತ್ತದೆ. ಲೀಟರಿಗೆ 40 ಮಿಲಿಗ್ರಾಂ ಇದ್ದ ನೈಟ್ರೇಟ್ ನಿಧಾನಕ್ಕೆ 10ಕ್ಕೆ ಬಂದಿದೆ. ಪೂರ್ತಿ ಸೊನ್ನೆ ಆಗುವುದು ನನಗೆ ಬೇಡ. ಹವಳಕ್ಕೂ ಸ್ವಲ್ಪ ಊಟ ಬೇಕಲ್ವಾ?

ಕೀಟೊ ಗೂಡು ತುಂಬಿದಾಗ ಅರ್ಧ ಕಿತ್ತು ತೆಗೆಯುತ್ತೇನೆ. ತೆಗೆದರೇ ಲಾಭ. ಬಿಟ್ಟರೆ ಒಳಗೆ ಬೆಳಕು ಕಾಣದೆ ಕೊಳೆತು ನೈಟ್ರೇಟ್ ಮತ್ತೆ ನೀರಿಗೇ ಸೇರುತ್ತದೆ. ತೆಗೆಯುವ ಮುಂಚೆ ಬಕೆಟಿನಲ್ಲಿ ಜಾಲಾಡಿ, ಹುಳಗಳನ್ನೆಲ್ಲ ವಾಪಸ್ ಬಿಟ್ಟೇ ತೆಗೆಯುವುದು. ಹೊಸದಾಗಿ ಟ್ಯಾಂಕ್ ಇಟ್ಟವರು ಕೇಳಿದರೆ ಅವರಿಗೆ ಒಂದು ಹಿಡಿ, ಹುಳಗಳ ಸಮೇತ.

ಈಗ ಎಲ್ಲರೂ ಮ್ಯಾಂಡರಿನ್ ಮೀನು ತಾ ಅನ್ನುತ್ತಿದ್ದಾರೆ. ನೀಲಿ, ಕಿತ್ತಳೆ ಗೆರೆಗಳ ಆ ಮೀನು ನನಗೂ ಬಹಳ ಇಷ್ಟ. ಆದರೆ ಅದು ದಿನವಿಡೀ ಕೋಪೆಪಾಡನ್ನೇ ಮೇಯುವ ಮೀನು. ಅದು ಸಾಕಷ್ಟಿಲ್ಲದ ಟ್ಯಾಂಕಿನಲ್ಲಿ ಎಷ್ಟೋ ಮ್ಯಾಂಡರಿನ್‌ಗಳು ಹೊಟ್ಟೆಗಿಲ್ಲದೆ ಸೊರಗಿ ಸಾಯುತ್ತವೆ. ನಮ್ಮಲ್ಲಿ ಅದೇ ಊಟಕ್ಕೆ ಸಿಕ್ಸ್‌ಲೈನ್ ಬೇರೆ ಇದೆ. ಲೈಟ್ ಆರಿದ ಮೇಲೆ ಟಾರ್ಚ್ ಬಿಟ್ಟರೆ ಮೇಲಿನ ಟ್ಯಾಂಕಿನ ಗಾಜಿನ ಮೇಲೂ ಬಿಳಿ ಚುಕ್ಕಿಗಳು ಕಾಣಲು ಶುರುವಾಗಿವೆ, ಆದರೆ ಅಲ್ಲೊಂದು ಇಲ್ಲೊಂದು. ಅಷ್ಟರಲ್ಲಿ ಇಬ್ಬರ ಹೊಟ್ಟೆ ತುಂಬುವುದಿಲ್ಲ. ಸಿಕ್ಸ್‌ಲೈನ್ ಇರುವವರೆಗೆ ಮ್ಯಾಂಡರಿನ್ ತರುವುದಿಲ್ಲ ಅಂತ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ.