ಸೊಪ್ಪು ಕೊಯ್ದರೆ ಗಿಡಕ್ಕೆ ನೋವಾಗುತ್ತಾ?

ಗಿಡಗಳ ಬಗ್ಗೆ ಬರೆಯುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಅದರ ಬೆನ್ನಿಗೇ ಇನ್ನೊಂದು: "ಗಿಡಗಳು ಒಂದಕ್ಕೊಂದು ಮಾತಾಡ್ತವಂತೆ, ಹೌದಾ?"

ಗಿಡಕ್ಕೆ ಸುತ್ತಲಿನದು ತಿಳಿಯುತ್ತದೆ, ಅದರಿಂದ ಹೊರಬಿದ್ದ ಸುಳಿವನ್ನು ಬೇರೆಯವು ಹಿಡಿಯುತ್ತವೆ. ಇಷ್ಟಕ್ಕೆ ಗಟ್ಟಿ ಪುರಾವೆ ಇದೆ. ನೋವು ಪಡುತ್ತದೆ ಎನ್ನಲು ಇಲ್ಲ. "ಜಗದೀಶಚಂದ್ರ ಬೋಸರು ಆಗಲೇ ಸಾಬೀತು ಮಾಡಿದ್ದಾರಲ್ಲ" ಎನ್ನುವವರಿದ್ದಾರೆ. ಬೋಸರು ಅಳೆದು ತೋರಿಸಿದ್ದು ಗಿಡದೊಳಗೆ ಹರಿಯುವ ವಿದ್ಯುತ್ ಸ್ಪಂದನವನ್ನು. ಅದೇ ದೊಡ್ಡ ಕೆಲಸ. ಅದಕ್ಕೆ ನೋವನ್ನು ಅಂಟಿಸುವುದು ಬೇಡ.

ಮೆಕ್ಕೆಜೋಳದ ಎಲೆಯನ್ನು ಕಂಬಳಿಹುಳು ಮೇಯುವಾಗ ಏನಾಗುತ್ತದೆ ನೋಡಿ. ಎಲೆ ಹರಿದ ಕೂಡಲೇ ಹಸಿ ಹುಲ್ಲಿನ ವಾಸನೆ ಏಳುತ್ತದೆ. ಕತ್ತರಿಯಿಂದ ಕತ್ತರಿಸಿದರೂ ಇದು ಬರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಏಳುವುದೇ ಬೇರೆ ವಾಸನೆ, ಮತ್ತು ಅದು ಹುಳುವಿನ ಎಂಜಲು ಗಾಯಕ್ಕೆ ತಾಗಿದರೆ ಮಾತ್ರ ಹೇರಳವಾಗಿ ಬರುತ್ತದೆ. ಬರೀ ಬ್ಲೇಡಿನಿಂದ ಗೀರಿ ಎಂಜಲು ಹಚ್ಚದೆ ಬಿಟ್ಟರೆ ತೀರಾ ಕಡಿಮೆ. ಆ ವಾಸನೆ ಹಿಡಿದು ಪುಟ್ಟ ಪರಾವಲಂಬಿ ಕಣಜ ಬಂದು ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ. 1990ರಲ್ಲೇ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದರು. ಗಿಡ ಕಣಜವನ್ನು "ಕರೆಯಿತು" ಎನ್ನುವುದು ನಮ್ಮ ಮಾತಿನ ಚಂದ. ಪಕ್ಕದ ಗಿಡವೂ ಇಂಥ ವಾಸನೆ ಹಿಡಿದು ಮುಂಚೆಯೇ ರಕ್ಷಣೆಗೆ ಸಜ್ಜಾಗಬಲ್ಲದು, ಆದರೆ ಅದನ್ನು ಮಾತು ಎನ್ನುವುದಕ್ಕಿಂತ ಕದ್ದು ಕೇಳುವುದು ಎಂದರೆ ಹೆಚ್ಚು ಸರಿ.

ಗಿಡದೊಳಗಿನ ಸುದ್ದಿಯ ಓಟ ಇನ್ನೂ ಸ್ಪಷ್ಟ. 2018ರಲ್ಲಿ, ಕ್ಯಾಲ್ಸಿಯಂ ಏರಿದಲ್ಲಿ ಹೊಳೆಯುವಂತೆ ಮಾಡಿದ ಸಾಸಿವೆ ಜಾತಿಯ ಪುಟ್ಟ ಗಿಡದ ಎಲೆಯನ್ನು ಹುಳು ಕಡಿದಾಗ, ಹೊಳಪಿನ ಅಲೆ ಒಂದೆರಡು ನಿಮಿಷದಲ್ಲಿ ದೂರದ ಎಲೆಗಳಿಗೆ ಮುಟ್ಟಿತು. ಅದನ್ನು ಎಬ್ಬಿಸಿದ್ದು ಗಾಯದಿಂದ ಸೋರಿದ ಗ್ಲುಟಮೇಟ್. ನಮ್ಮ ಮಿದುಳಿನಲ್ಲೂ ನರದಿಂದ ನರಕ್ಕೆ ಸುದ್ದಿ ಒಯ್ಯುವ ವಸ್ತು ಇದೇ. ಆದರೆ ಗಿಡಕ್ಕೆ ನರವೂ ಇಲ್ಲ, ಸುದ್ದಿ ಒಟ್ಟುಗೂಡುವ ಮಿದುಳೂ ಇಲ್ಲ.

"ಗಿಡಗಳು ಕಿರುಚುತ್ತವೆ" ಎಂದು 2023ರಲ್ಲಿ ಹಬ್ಬಿದ ಸುದ್ದಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಪ್ರಯೋಗದ್ದು. ನೀರಿಲ್ಲದೆ ಒಣಗುವ ಟೊಮೆಟೊ, ತಂಬಾಕು ಗಿಡಗಳಿಂದ ಗಂಟೆಗೆ ಸುಮಾರು 30ರಿಂದ 50 ಟಿಕ್ ಸದ್ದು ದಾಖಲಾಯಿತು. ಚೆನ್ನಾಗಿರುವ ಗಿಡದಿಂದ ಒಂದಕ್ಕಿಂತ ಕಡಿಮೆ. 40ರಿಂದ 80 ಕಿಲೋಹರ್ಟ್ಸ್, ನಮ್ಮ ಕಿವಿಗೆ ಎಟುಕದು. ನೀರು ಸಾಗಿಸುವ ನಾಳದಲ್ಲಿ ಗಾಳಿಗುಳ್ಳೆ ಒಡೆಯುವುದೇ ಕಾರಣವಿರಬೇಕು. ಕದ ಕಿರುಗುಟ್ಟಿದರೆ ಕದ ಅತ್ತಿತು ಎನ್ನುತ್ತೇವೆಯೇ?

ಸ್ವತಃ ನೋಡಬೇಕೆಂದರೆ ಮುಟ್ಟಿದರೆ ಮುನಿ ಸಾಕು. ಎಲೆತೊಟ್ಟಿನ ಬುಡದ ಉಬ್ಬಿದ ಗಂಟಿನಲ್ಲಿ ಒಂದು ಬದಿಯ ಕೋಶಗಳಿಂದ ನೀರು ಹೊರಹೋಗಿ ಎಲೆ ಜೋತುಬೀಳುತ್ತದೆ. ಒಂದೇ ಬಗೆಯ ಪೆಟ್ಟು ಮತ್ತೆ ಮತ್ತೆ ಬಿದ್ದರೆ ಅದು ಮುಚ್ಚುವುದನ್ನು ಕಡಿಮೆ ಮಾಡುತ್ತದೆಯೇ ಎಂದು ನೋಡೋಣ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಕುಂಡವನ್ನು ಗಾಳಿಯಾಡದ ಬೆಳಕಿನ ಜಾಗದಲ್ಲಿಡಿ. ಒಂದೇ ಎಲೆಯ ಮೇಲೆ ಡ್ರಾಪರ್‌ನಿಂದ 10 ಸೆಂಟಿಮೀಟರ್ ಎತ್ತರದಿಂದ ಒಂದು ಹನಿ ಬೀಳಿಸಿ, ಮುಚ್ಚಿದ ಎಲೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯ್ದು ಮತ್ತೆ ಬೀಳಿಸಿ. ಬಿಚ್ಚಲು ಸುಮಾರು ಹತ್ತಿಪ್ಪತ್ತು ನಿಮಿಷ ಬೇಕು. ಪ್ರತಿ ಸಲ ಎಷ್ಟು ಜೊತೆ ಎಸಳು ಮುಚ್ಚಿತೆಂದು ಬರೆದಿಡಿ. ಬೆರಳಿನಿಂದ ಮುಟ್ಟಿದರೆ ಪೆಟ್ಟು ಒಂದೇ ಸಮ ಇರದು. ಸಂಜೆ ಮಾಡಿದರೆ ಎಲೆ ತಾನಾಗಿಯೇ ಮುದುಡಿರುತ್ತದೆ, ಲೆಕ್ಕ ಕೆಡುತ್ತದೆ.

ಮುಚ್ಚುವುದು ಕಡಿಮೆಯಾದರೆ "ಕಲಿತುಕೊಂಡಿತು" ಎಂದು ಕುಣಿಯಬೇಡಿ, ಗಿಡ ದಣಿದಿರಲೂಬಹುದು. ಅದಕ್ಕೇ ಕೊನೆಗೆ ಹನಿಯ ಬದಲು ಕುಂಡವನ್ನೇ ಅಲುಗಿಸಿ. ಆಗ ಎಲೆ ಥಟ್ಟನೆ ಮುಚ್ಚಿದರೆ ಪೂರ್ತಿ ದಣಿದಿರಲಿಲ್ಲ. ಆದರೂ ಅಲುಗಾಟ ಹನಿಗಿಂತ ಜೋರಿನ ಪೆಟ್ಟಲ್ಲವೇ? 2014ರಲ್ಲಿ ಇದೇ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಮತ್ತೆ ಮತ್ತೆ ಬೀಳಿಸಿ, ಗಿಡಕ್ಕೆ ನೆನಪಿದೆ ಎಂದು ಪ್ರಕಟವಾದ ಪ್ರಯೋಗದ ಬಗ್ಗೆಯೂ ಇಂಥದೇ ತಕರಾರು ಎದ್ದಿತ್ತು.