ಪು ಮನೆತನದ ಜಾಡು: ಚ್ವಾನ್‌ಝೌನಿಂದ ಯೊಂಗ್‌ಚುನ್‌ವರೆಗೆ

ಚೀನಾದ ಫುಜಿಯಾನ್ ಕರಾವಳಿಯ ಚ್ವಾನ್‌ಝೌ ನಗರದ ಪೂರ್ವಕ್ಕೆ ಲಿಂಗ್‌ಶಾನ್ ಗುಡ್ಡವಿದೆ. ಅಲ್ಲಿನ ಮುಸ್ಲಿಂ ಸಂತರ ಗೋರಿಗಳ ಪಕ್ಕದ ಕಲ್ಲೊಂದರಲ್ಲಿ ಕೆಲವೇ ಸಾಲುಗಳ ಬರಹ ಕಾಣುತ್ತದೆ. ಹೊರ್ಮುಜ್ ಕಡೆಗೆ ಹೊರಟ ನೌಕಾಧಿಪತಿ ಝೆಂಗ್ ಹೆ 1417ರಲ್ಲಿ ಇಲ್ಲಿ ಧೂಪ ಹಾಕಿ ಸಂತರ ರಕ್ಷಣೆ ಬೇಡಿದ ಎಂದು ಅದರಲ್ಲಿದೆ. ಕೊನೆಯಲ್ಲಿ ಕಲ್ಲು ನೆಡಿಸಿದ ಅಧಿಕಾರಿಯ ಹೆಸರು: ಪು ಹೆರಿ. ಅರಬ್ ಮೂಲದ ವರ್ತಕರೆನಿಸಿದ ಪು ಮನೆತನದ ಹುಡುಕಾಟ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ವಂಶಾವಳಿ ಪುಸ್ತಕಗಳನ್ನು ಆಮೇಲಿನವರು ತಿದ್ದಿರಬಹುದು, ಇಸವಿ ಸಮೇತ ಕೆತ್ತಿದ ಕಲ್ಲನ್ನು ತಿದ್ದುವುದು ಕಷ್ಟ.

ಹೊರಡುವ ಮೊದಲು ಅಕ್ಷರದ ಗುರುತು ಮಾಡಿಕೊಳ್ಳಬೇಕು. ಈ ‘ಪು’ ಎಂದರೆ ನೀರಿನಂಚಿನಲ್ಲಿ ಬೆಳೆಯುವ ಜೊಂಡು. ಅಕ್ಷರದ ನೆತ್ತಿಯಲ್ಲಿ ಹುಲ್ಲಿನ ಚಿಹ್ನೆ, ಅದರಡಿ ಎಡಕ್ಕೆ ನೀರಿನ ಮೂರು ಚುಕ್ಕೆ. ಹುಲ್ಲಿನ ಚಿಹ್ನೆ ಇಲ್ಲದಿದ್ದರೆ ಅದು ಬೇರೆಯೇ ಅಡ್ಡಹೆಸರು. ರೋಮನ್ ಲಿಪಿಯ ನಕ್ಷೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಈ ಜಾಡಿನಲ್ಲಿ ಮುಂದೆ ಸಿಗುವ ಯೊಂಗ್‌ಚುನ್‌ನ ‘ದಾಪು’ ಪಟ್ಟಣದ ಹೆಸರಿನಲ್ಲಿ ಇರುವುದಂತೂ ಮಣ್ಣಿನ ಚಿಹ್ನೆಯ ಮತ್ತೊಂದು ಪು. ಪು ಮನೆತನದವರು ಅಲ್ಲಿ ನೆಲೆಸಿದ್ದರೂ ಊರಿಗೆ ಹೆಸರು ಬಂದದ್ದು ಅವರಿಂದಲ್ಲ. ಹಾಗಾಗಿ ಅಕ್ಷರವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕಲ್ಲಿನ ಪಕ್ಕ ಹಿಡಿದು ಹೋಲಿಸಿ ನೋಡಿ.

ಪು ಎಂದವರೆಲ್ಲ ಒಂದೇ ಬೇರಿನವರಲ್ಲ. ಸಿಚುವಾನ್‌ನಲ್ಲಿ ಈ ಹೆಸರಿನವರು ಬಹಳ ಮಂದಿ ಇದ್ದಾರೆ, ಅವರಿಗೂ ಕಡಲಿಗೂ ನಂಟಿಲ್ಲ. ನಾಲ್ಕನೇ ಶತಮಾನದಲ್ಲಿ ದೀ ಬುಡಕಟ್ಟಿನ ನಾಯಕ ಪು ಹೊಂಗ್ ಎಂಬಾತ 350ರಲ್ಲಿ ತನ್ನ ಅಡ್ಡಹೆಸರನ್ನು ‘ಫು’ ಎಂದು ಬದಲಿಸಿಕೊಂಡಿದ್ದ. ಅರಬ್ ವರ್ತಕರು ಚ್ವಾನ್‌ಝೌನಲ್ಲಿ ನೆಲೆಯೂರುವುದಕ್ಕೆ ಎಷ್ಟೋ ಶತಮಾನ ಮೊದಲೇ ಹೆಸರು ಬಳಕೆಯಲ್ಲಿತ್ತು. ಕರಾವಳಿಯ ಪು ಬೇರೆ. ಅರಬ್ ಹೆಸರುಗಳ ಮುಂದಿರುವ ‘ಅಬು’ವೇ ಇಲ್ಲಿ ‘ಪು’ ಆಯಿತೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಅರೇಬಿಯಾ, ಚಂಪಾ (ಇಂದಿನ ವಿಯೆಟ್ನಾಂನಲ್ಲಿದ್ದ ರಾಜ್ಯ), ಶ್ರೀವಿಜಯ (ಸುಮಾತ್ರಾದ ರಾಜ್ಯ)ಗಳಿಂದ ಚೀನಾದ ಸಾಂಗ್ ವಂಶದ ದೊರೆಗಳ ಬಳಿಗೆ ಬಂದ ರಾಯಭಾರಿಗಳಲ್ಲಿ ಎಷ್ಟೋ ಜನರ ಹೆಸರು ಇದೇ ಅಕ್ಷರದಿಂದ ಶುರುವಾಗುತ್ತದೆ.

ಇವರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಪು ಶೌಗೆಂಗ್‌ನದು. ಗ್ವಾಂಗ್‌ಝೌನಿಂದ ಬಂದ ಮನೆತನದ ಈತ ಚ್ವಾನ್‌ಝೌ ಬಂದರಿನ ಸುಂಕದ ಮೇಲಧಿಕಾರಿಯಾದ. 1276ರಲ್ಲಿ ಮಂಗೋಲರಿಗೆ ಹೆದರಿ ಓಡಿಬಂದ ಸಾಂಗ್ ಬಾಲರಾಜನ ಕಡೆಯವರು ಇವನ ಹಡಗುಗಳನ್ನು ಕಿತ್ತುಕೊಂಡರು. ಕೆರಳಿದ ಶೌಗೆಂಗ್ ಊರಲ್ಲಿದ್ದ ರಾಜವಂಶದವರನ್ನು ಕೊಲ್ಲಿಸಿ ನಗರವನ್ನು ಮಂಗೋಲರ ಯುವಾನ್ ವಂಶದ ಪಡೆಗೆ ಒಪ್ಪಿಸಿದ. ಅವನ ಚದುರಂಗದ ತೋಟವಿತ್ತೆಂದು ಜನ ಹೇಳುವ ಓಣಿ, 1009ರಲ್ಲಿ ಕಟ್ಟಿದ ಕಲ್ಲಿನ ಮಸೀದಿ ಎರಡೂ ಇರುವುದು ತೂಮೆನ್ ಬೀದಿಯ ಆಸುಪಾಸಿನಲ್ಲೇ.

ಕೈಯುವಾನ್ ದೇವಾಲಯಕ್ಕೆ ಅರ್ಧ ದಿನವನ್ನಾದರೂ ಇಡಿ. ಅಲ್ಲಿನ ಹಡಗು ಮನೆಯಲ್ಲಿ 1974ರಲ್ಲಿ ಹೌಝು ಬಂದರಿನ ಕೆಸರಿನಿಂದ ತೆಗೆದ ಸಾಂಗ್ ಕಾಲದ ಹಡಗಿದೆ. ಉಳಿದಿರುವ ಭಾಗದ ಉದ್ದ 24 ಮೀಟರಿಗೂ ಹೆಚ್ಚು, ಒಳಗೆ 13 ಕೋಣೆ. ಎರಡು ಟನ್ನಿಗೂ ಮಿಕ್ಕಿ ಸುಗಂಧದ ಮರ, ಜೊತೆಗೆ ಮೆಣಸು, ಧೂಪದಂಟು ಅದರಲ್ಲಿ ಸಿಕ್ಕವು. ಪು ಮನೆತನದ ಸಿರಿ ಎಂಥ ಸರಕಿನ ಮೇಲೆ ನಿಂತಿತ್ತೆಂದು ಇಲ್ಲಿ ಕಣ್ಣಾರೆ ಕಾಣುತ್ತದೆ. ಮುಖ್ಯ ಮಂದಿರದ ಹಿಂಬದಿಯ ಕಂಬಗಳನ್ನು ನಮ್ಮವರು ತಪ್ಪಿಸಿಕೊಳ್ಳಬಾರದು: ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವ ನರಸಿಂಹ ಅಲ್ಲಿದ್ದಾನೆ. ತಮಿಳು ವರ್ತಕರ ಕಾಲದ ಗುಡಿಯೊಂದರ ಕಂಬಗಳು ಅವು.

ಯುವಾನ್ ಆಳ್ವಿಕೆ ಕುಸಿಯುತ್ತಿದ್ದಾಗ ಚ್ವಾನ್‌ಝೌನಲ್ಲಿ ಪರ್ಷಿಯನ್ ಪಡೆಯ ದಂಗೆ 1357ರಿಂದ 1366ರವರೆಗೆ ನಡೆಯಿತು. ಅದು ಮುಗಿದಾಗ ಊರಿನ ವಿದೇಶಿ ಮೂಲದವರ ಮೇಲೆ ಕಗ್ಗೊಲೆ ನಡೆಯಿತು. ಯುವಾನ್ ನಂತರ ಬಂದ ಮಿಂಗ್ ವಂಶದ ದೊರೆ ಪು ವಂಶದವರಿಗೆ ಸರ್ಕಾರಿ ಪರೀಕ್ಷೆಯ ಬಾಗಿಲು ಮುಚ್ಚಿದ. ಕೆಲವರು ಹೆಸರು ಬದಲಿಸಿಕೊಂಡರು, ಕೆಲವರು ಬೆಟ್ಟದ ಕಡೆ ಸರಿದರು. ಹೀಗಾಗಿ ಈ ವಂಶಾವಳಿಗಳಲ್ಲಿ ನಡುವೆ ಕೆಲವು ತಲೆಮಾರು ಕಾಣದಿದ್ದರೆ, ಇಲ್ಲವೇ ಎರಡು ಪುಸ್ತಕಗಳು ಒಂದಕ್ಕೊಂದು ಹೊಂದದಿದ್ದರೆ, ಅದಕ್ಕೆ ಬರೆದವರ ಅಜಾಗ್ರತೆಗಿಂತ ಭಯವೇ ಕಾರಣವಾಗಿದ್ದಿರಬಹುದು.

ಚ್ವಾನ್‌ಝೌನಿಂದ ವಾಯವ್ಯಕ್ಕೆ ರಸ್ತೆಯಲ್ಲಿ ಒಂದೂವರೆ–ಎರಡು ಗಂಟೆ ಹೋದರೆ ಯೊಂಗ್‌ಚುನ್. ಅಲ್ಲಿನ ದಾಪು ಪಟ್ಟಣದ ಹಾನ್‌ಕೌ ಹಳ್ಳಿಗೆ ಹದಿನೇಳನೇ ಶತಮಾನದ ಹೊತ್ತಿಗೆ ಬಂದ ಪು ಮನೆಯವರು ಊದುಬತ್ತಿ ಕಸುಬು ತಂದರು. ಇಂದು ಇಡೀ ಸೀಮೆಯೇ ಅದರಲ್ಲಿ ತೊಡಗಿದೆ. ಬೆಂಗಳೂರು, ಮೈಸೂರಿನಲ್ಲಿ ಕಲಸಿದ ಮಸಾಲೆಯನ್ನು ಮಣೆಯ ಮೇಲೆ ಕಡ್ಡಿಗೆ ಹೊಸೆಯುತ್ತಾರೆ. ಇಲ್ಲಿ ಬಿದಿರು ಕಡ್ಡಿಗಳ ಒಂದು ಹಿಡಿಯನ್ನೇ ನೀರಿಗದ್ದಿ, ಮರದ ತೊಗಟೆಯ ಅಂಟುಪುಡಿಯಲ್ಲಿ (ನಮ್ಮವರ ಜಿಗಟಿನಂಥದ್ದೇ) ಹೊರಳಿಸಿ, ಮತ್ತೆ ಅದ್ದಿ ಸುಗಂಧದ ಪುಡಿ ಹತ್ತಿಸುತ್ತಾರೆ. ಪ್ರತಿ ಸಲವೂ ಹಿಡಿಯನ್ನು ಬೀಸಣಿಗೆಯಂತೆ ಬಿಡಿಸಿ ಜೋರಾಗಿ ಬೀಸುವುದು ಮುಖ್ಯ. ಬೀಸು ಸಾಲದಿದ್ದರೆ ಕಡ್ಡಿ ಕಡ್ಡಿಗೆ ಅಂಟುತ್ತದೆ, ನೀರು ಹೆಚ್ಚಾದರೆ ಪುಡಿ ಗಂಟುಗಟ್ಟಿ ಬತ್ತಿ ಅರ್ಧಕ್ಕೆ ಆರುತ್ತದೆ. ಬಿಸಿಲಿಗೆ ಹಾಕಿ, ಬುಡಕ್ಕೆ ಬಣ್ಣ ಅದ್ದಿದರೆ ಕೆಲಸ ಮುಗಿಯಿತು. ಮಾರ್ಚ್‌ನಿಂದ ಜೂನ್‌ವರೆಗೆ ಜಿನುಗುಮಳೆ. ಬತ್ತಿಗೆ ಬೂಷ್ಟು ಹಿಡಿಯುವುದರಿಂದ ಅಂಗಳದಲ್ಲಿ ಒಣಹಾಕುವುದಿಲ್ಲ. ಅಕ್ಟೋಬರ್–ಡಿಸೆಂಬರ್ ಹೋಗಲು ಒಳ್ಳೆಯ ಕಾಲ.

ಸಮಯವಿದ್ದರೆ ದಕ್ಷಿಣಕ್ಕೆ ಹೈನಾನ್ ದ್ವೀಪದ ಸಾನ್ಯಾಗೂ ಹೋಗಬಹುದು. ಅಲ್ಲಿನ ಹುಯಿಹುಯಿ ಹಳ್ಳಿಯ ಉತ್ಸುಲ್ ಮುಸ್ಲಿಮರಲ್ಲಿ ಪು ದೊಡ್ಡ ಮನೆತನ. ಚಂಪಾ ಮೂಲದ ಇವರ ಮನೆಮಾತು ತ್ಸಾತ್. ಮಸೀದಿಗೂ ಸ್ಮಶಾನಕ್ಕೂ ಹೋಗುವ ಮೊದಲು ಊರಿನ ಹಿರಿಯರ ಒಪ್ಪಿಗೆ ಕೇಳಿ. ಗೋರಿಗಳ ಚಿತ್ರವನ್ನಂತೂ ಕೇಳದೆ ತೆಗೆಯಬೇಡಿ.

ಈ ಅಡ್ಡಹೆಸರಿನ ಇನ್ನೊಂದು ಗಟ್ಟಿ ಸಾಕ್ಷಿ ಚೀನಾದಲ್ಲೇ ಇಲ್ಲ. ಬ್ರೂನೈ ರಾಜಧಾನಿಯ ಮುಸ್ಲಿಂ ಸ್ಮಶಾನವೊಂದರಲ್ಲಿ 1972ರಲ್ಲಿ ಚೀನೀ ಬರಹದ ಗೋರಿಕಲ್ಲು ಸಿಕ್ಕಿತು: ಚ್ವಾನ್‌ಝೌನ ಅಧಿಕಾರಿ ಪು ಎಂಬವರದು, ಇಸವಿ 1264. ಶೌಗೆಂಗ್ ಪಕ್ಷ ಬದಲಿಸುವುದಕ್ಕೆ ಹನ್ನೆರಡು ವರ್ಷ ಮುಂಚೆಯೇ ಈ ಹೆಸರಿನವರು ಕಡಲಾಚೆ ಮಣ್ಣಾಗಿದ್ದರು. ಮಿಂಗ್ ಕಾಲದ ಹಿಂಸೆಯಿಂದಲೇ ಪು ಜನ ಹೊರದೇಶಗಳಿಗೆ ಚದುರಿದರೆಂಬ ವಿವರಣೆ ಆ ಕಲ್ಲಿನ ಮುಂದೆ ನಿಲ್ಲುವುದಿಲ್ಲ. ಅವರನ್ನು ಮೊದಲು ಹೊರಗೆ ಕೊಂಡೊಯ್ದದ್ದು ವ್ಯಾಪಾರ.